ದೂರಶ್ರವಣವೂ ಪ್ರಮಾಣವೂ: ಸ್ವಹಸ್ತನಿರ್ಮಿತವಾದ ಲಂಬ ಆಂಟೆನಾದ ಪರೀಕ್ಷಾಕ್ರಮ

೧. ಉದ್ದೇಶ

ಯಾವುದೊಂದು ಪದಾರ್ಥವನ್ನು ಶಾಸ್ತ್ರದೃಷ್ಟಿಯಿಂದ ವಿಚಾರಿಸುವಾಗ ಮೊದಲು ಅದನ್ನು ಹೆಸರಿಸುವುದು, ಬಳಿಕ ಅದರ ಲಕ್ಷಣವನ್ನು ನಿರೂಪಿಸುವುದು, ಕಡೆಗೆ ಆ ಲಕ್ಷಣವು ಅದಕ್ಕೆ ಸಲ್ಲುವುದೇ ಇಲ್ಲವೇ ಎಂದು ಪ್ರಮಾಣಗಳಿಂದ ಒರೆಗೆ ಹಚ್ಚುವುದು, ಹೀಗೆ ಮೂರು ಮೆಟ್ಟಲುಗಳುಂಟೆಂದು ನ್ಯಾಯಭಾಷ್ಯಕಾರನಾದ ವಾತ್ಸ್ಯಾಯನನು ಹೇಳಿರುವನು. ಉದ್ದೇಶ, ಲಕ್ಷಣ, ಪರೀಕ್ಷೆ ಎಂಬುವೇ ಅವುಗಳ ಹೆಸರು. ಈ ಕ್ರಮವು ತರ್ಕಗ್ರಂಥಗಳಿಗೆ ಮಾತ್ರ ಮೀಸಲಾದುದಲ್ಲ. ಮನೆಯ ಹಿತ್ತಲಲ್ಲಿ ನೆಟ್ಟ ಒಂದು ಲೋಹದ ಕೋಲಿಗೂ ಸಲ್ಲತಕ್ಕದ್ದು. ರೇಡಿಯೋ ಹವ್ಯಾಸಿಯು ತನ್ನ ಕೈಯಾರೆ ಮಾಡಿಕೊಂಡ ಲಂಬ ಆಂಟೆನಾ ದೂರದೇಶಗಳಿಗೆ ನಿಜವಾಗಿಯೂ ಉಪಯುಕ್ತವಾಗಿದೆಯೇ ಎಂಬುದನ್ನು ಯಾವ ಪ್ರಮಾಣದಿಂದ ನಿಶ್ಚಯಿಸಬೇಕು ಎಂಬ ಪ್ರಶ್ನೆಯು ಇಲ್ಲಿ ವಿಚಾರಕ್ಕೆ ವಿಷಯವಾಗಿದೆ.

ಕನ್ನಡನಾಡಿಗೆ ಈ ವಿದ್ಯೆಯು ಹೊಸದಲ್ಲ. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ. ವಿ. ಗೋಪಾಲಸ್ವಾಮಿಯವರು ೧೯೩೫ ರಲ್ಲಿ ತಮ್ಮ ಮನೆಯಲ್ಲಿಯೇ ಅಲ್ಪಶಕ್ತಿಯ ಪ್ರಸಾರಯಂತ್ರವೊಂದನ್ನು ಇಟ್ಟುಕೊಂಡು ಬಾನುಲಿ ಕೇಂದ್ರವನ್ನು ಆರಂಭಿಸಿದರು. ಪುರಾಣಕಾವ್ಯಗಳಲ್ಲಿ ಅಶರೀರವಾಣಿ ಎಂಬ ಅರ್ಥದಲ್ಲಿದ್ದ 'ಆಕಾಶವಾಣಿ' ಎಂಬ ಪದವು ಆ ಮನೆಯ ಕೇಂದ್ರಕ್ಕೆ ಹೆಸರಾಗಿ, ಅನಂತರ ೧೯೫೦ ರ ದಶಕದಲ್ಲಿ ಅಖಿಲ ಭಾರತದ ಬಾನುಲಿಗೂ ಹೆಸರಾಯಿತು. ಸರಕಾರದ ಸೌಕರ್ಯವಿಲ್ಲದೆ, ಆಸಕ್ತಿಯೊಂದನ್ನೇ ಬಂಡವಾಳವಾಗಿಟ್ಟುಕೊಂಡು ಮನೆಯಲ್ಲಿ ಯಂತ್ರ ಕಟ್ಟುವ ಸಂಪ್ರದಾಯವು ಈ ಪ್ರಾಂತದಲ್ಲಿ ಅಷ್ಟು ಹಿಂದಿನದು.

ಹವ್ಯಾಸಿ ರೇಡಿಯೋ ಎಂಬುದು ಪ್ರಸಾರಕೇಂದ್ರಕ್ಕಿಂತ ಭಿನ್ನವಾದುದು. ಇಲ್ಲಿ ಸಂಗೀತವೂ ವಾರ್ತೆಯೂ ಇಲ್ಲ. ಲಾಭದ ಅಪೇಕ್ಷೆಯಿಲ್ಲದೆ ಒಬ್ಬ ಹವ್ಯಾಸಿಯು ಮತ್ತೊಬ್ಬನೊಡನೆ ಮಾತಿನಿಂದಲೋ ಮೋರ್ಸ್ ಸಂಕೇತದಿಂದಲೋ ಸಂಭಾಷಿಸುವುದು ಮತ್ತು ಪ್ರಯೋಗ ನಡೆಸುವುದು ಇದರ ಸ್ವರೂಪ. ಭಾರತದಲ್ಲಿ ಕೇಂದ್ರಸರಕಾರವು ಗೊತ್ತುಪಡಿಸಿದ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಅನುಜ್ಞಾಪತ್ರವನ್ನು ಪಡೆದವರಿಗೆ ಮಾತ್ರ ಪ್ರಸಾರ ಮಾಡುವ ಅಧಿಕಾರವುಂಟು. ಅವರ ಕರೆಸಂಕೇತಗಳು 'ವಿ. ಯು.' ಎಂಬ ಅಕ್ಷರಗಳಿಂದ ಮೊದಲಾಗುವುವು.

೨. ಲಕ್ಷಣ

ಯಂತ್ರದಲ್ಲಿ ಹುಟ್ಟಿದ ವಿದ್ಯುತ್ಕಂಪನವನ್ನು ಆಕಾಶಕ್ಕೆ ತರಂಗರೂಪದಿಂದ ಬಿಡುವುದೂ, ಆಕಾಶದಿಂದ ಬಂದ ತರಂಗವನ್ನು ಹಿಡಿದು ಯಂತ್ರಕ್ಕೆ ಕೊಡುವುದೂ ಆಂಟೆನಾದ ಕಾರ್ಯ. ಹಿಂದಿನವರು ಇದನ್ನೇ ಏರಿಯಲ್ ಎನ್ನುತ್ತಿದ್ದರು. ಅದರ ಅಳತೆಯು ತರಂಗದ ಉದ್ದವನ್ನು ಅನುಸರಿಸಿರಬೇಕು. ತರಂಗವು ಸೆಕೆಂಡಿಗೆ ಸುಮಾರು ೩ ಲಕ್ಷ ಕಿಲೋಮೀಟರು ಚಲಿಸುವುದರಿಂದ, ೩೦೦ ನ್ನು ಮೆಗಾಹರ್ಟ್ಸ್‌ಗಳಲ್ಲಿ ಹೇಳಿದ ಆವೃತ್ತಿಸಂಖ್ಯೆಯಿಂದ ಭಾಗಿಸಿದರೆ ತರಂಗದ ಉದ್ದವು ಮೀಟರುಗಳಲ್ಲಿ ದೊರೆಯುತ್ತದೆ. ದೂರಸಂಪರ್ಕಕ್ಕೆ ಹವ್ಯಾಸಿಗಳು ಹೆಚ್ಚಾಗಿ ಬಳಸುವ ೧೪.೦೦೦ ರಿಂದ ೧೪.೩೫೦ ಮೆಗಾಹರ್ಟ್ಸ್‌ವರೆಗಿನ ಪಟ್ಟಿಯಲ್ಲಿ ೧೪.೨ ನ್ನು ತೆಗೆದುಕೊಂಡರೆ ತರಂಗದ ಉದ್ದವು ೨೧.೧೩ ಮೀಟರು, ಅದರ ಕಾಲುಭಾಗ ೫.೨೮ ಮೀಟರು. ಲೋಹದ ಕೋಲಿನಲ್ಲಿ ಅನುರಣನವು ಇದಕ್ಕಿಂತ ಸುಮಾರು ನೂರಕ್ಕೆ ೫ ಪಾಲು ಕಡಮೆಯಾದ ಉದ್ದದಲ್ಲಿ ಒದಗುವುದರಿಂದ ಕೋಲು ೫.೦೩ ಮೀಟರು, ಅಂದರೆ ಹದಿನಾರೂವರೆ ಅಡಿಯ ಆಸುಪಾಸಿನಲ್ಲಿರಬೇಕು. ಮೊದಲು ೫.೨೦ ಮೀಟರು ಇಟ್ಟುಕೊಂಡು ಅಳೆಯುತ್ತ ಸ್ವಲ್ಪಸ್ವಲ್ಪವಾಗಿ ಮೊಟಕುಗೊಳಿಸುವುದು ಜಾಣತನ. ಕತ್ತರಿಸಿದುದನ್ನು ಸೇರಿಸುವುದು ಕಷ್ಟ.

ಇದನ್ನು ಮಾಡಲು ದುಬಾರಿಯಾದ ಸಾಮಗ್ರಿ ಬೇಕಿಲ್ಲ. ಒಂದರೊಳಗೊಂದು ಸೇರುವ ಅಲ್ಯುಮಿನಿಯಂ ಕೊಳವೆಗಳಾದರೂ ಸರಿ, ಒಣಗಿದ ಬಿದಿರಿನ ಗಳುವಿಗೆ ನೆಟ್ಟಗೆ ಕಟ್ಟಿದ ತಾಮ್ರದ ತಂತಿಯಾದರೂ ಸರಿ. ಬುಡವು ನೆಲವನ್ನು ಮುಟ್ಟದಂತೆ ವಿದ್ಯುತ್ತು ಹರಿಯದ ಪೀಠವೊಂದು ಬೇಕು, ಪಿ.ವಿ.ಸಿ. ಕೊಳವೆಯ ತುಂಡು ಸಾಕು. ಯಂತ್ರದಿಂದ ಬಂದ ಕೇಬಲಿನ ಒಳತಂತಿಯನ್ನು ಕೋಲಿನ ಬುಡಕ್ಕೂ, ಹೊರಹೆಣಿಗೆಯನ್ನು ಬುಡದಿಂದ ಸುತ್ತಲೂ ಗಾಡಿಯ ಚಕ್ರದ ಅರಗಳಂತೆ ನೆಲದ ಮೇಲೆ ಹರಡಿದ ತಂತಿಗಳಿಗೂ ಜೋಡಿಸಬೇಕು. ಈ ನೆಲತಂತಿಗಳನ್ನು ಹವ್ಯಾಸಿಗಳು ರೇಡಿಯಲ್ ಎನ್ನುವರು. ನೋಡುವವರ ಕಣ್ಣಿಗೆ ಕೋಲೇ ಆಂಟೆನಾ ಎಂದು ತೋರುವುದಾದರೂ, ವಸ್ತುತಃ ಕೋಲು ಅರ್ಧ, ನೆಲತಂತಿಗಳು ಉಳಿದರ್ಧ.

ಲಂಬ ಆಂಟೆನಾಕ್ಕೆ ಹೇಳುವ ಅಸಾಧಾರಣಧರ್ಮವೇನೆಂದರೆ, ಅದು ತನ್ನ ಶಕ್ತಿಯನ್ನು ಸುತ್ತಲಿನ ಎಲ್ಲ ದಿಕ್ಕುಗಳಿಗೂ ಸಮನಾಗಿ, ದಿಗಂತಕ್ಕೆ ಸಮೀಪವಾದ ತಗ್ಗು ಕೋನದಲ್ಲಿ ಕಳುಹಿಸುವುದು. ನೆತ್ತಿಯ ಕಡೆಗೆ ಅದು ಹೆಚ್ಚೇನನ್ನೂ ಕಳುಹಿಸದು. ಇದರ ಪ್ರಯೋಜನವು ಮೇಲಿನ ಆಕಾಶದ ಸ್ವಭಾವದಿಂದ ಉಂಟಾಗುವುದು. ಭೂಮಿಯ ಮೇಲೆ ಸುಮಾರು ೨೦೦ ರಿಂದ ೪೦೦ ಕಿಲೋಮೀಟರು ಎತ್ತರದಲ್ಲಿ ಸೂರ್ಯನ ಕಿರಣಗಳಿಂದ ವಿದ್ಯುದಾವೇಶ ಪಡೆದ ಪದರವೊಂದಿದ್ದು, ಅದು ಹ್ರಸ್ವತರಂಗಗಳನ್ನು ಬಾಗಿಸಿ ಭೂಮಿಗೆ ಹಿಂದಿರುಗಿಸುತ್ತದೆ. ಇಂತಹ ಪದರವಿರಬೇಕೆಂದು ೧೯೦೨ ರಲ್ಲಿ ಅಮೆರಿಕದ ಕೆನೆಲ್ಲಿಯೂ ಇಂಗ್ಲೆಂಡಿನ ಹೆವಿಸೈಡನೂ ಪ್ರತ್ಯೇಕವಾಗಿ ಊಹಿಸಿದರು. ೧೯೨೪ ರ ಪ್ರಯೋಗಗಳಿಂದ ಆಪಲ್ಟನ್ನನು ಅದನ್ನು ಸ್ಥಾಪಿಸಿ ೧೯೪೭ ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದನು. ಕಲ್ಕತ್ತೆಯಲ್ಲಿ ಈ ಶಾಸ್ತ್ರವನ್ನು ಬೆಳೆಸಿದ ಶಿಶಿರಕುಮಾರ ಮಿತ್ರರ 'ದಿ ಅಪ್ಪರ್ ಅಟ್ಮಾಸ್ಫಿಯರ್' ಎಂಬ ಮಹಾಗ್ರಂಥವೂ ೧೯೪೭ ರಲ್ಲಿಯೇ ಹೊರಬಂದಿತು. ತರಂಗವು ಎಷ್ಟು ತಗ್ಗಾಗಿ ಹೊರಡುವುದೋ ಅಷ್ಟು ದೂರದಲ್ಲಿ ಮರಳಿ ಭೂಮಿಗಿಳಿಯುವುದು. ಒಂದು ನೆಗೆತದಲ್ಲಿ ಹೆಚ್ಚೆಂದರೆ ಸುಮಾರು ೪,೦೦೦ ಕಿಲೋಮೀಟರು. ಅದಕ್ಕೂ ಆಚೆಗೆ ಎರಡು ಮೂರು ನೆಗೆತಗಳು ಬೇಕು. ಆದುದರಿಂದ ತಗ್ಗು ಕೋನವು ದೂರಕ್ಕೆ ಅನುಕೂಲವೆಂಬ ಲಕ್ಷಣವು ಯುಕ್ತವಾಗಿಯೇ ಇದೆ. ಆದರೆ ಹಿತ್ತಲಲ್ಲಿ ನಿಂತಿರುವ ಈ ಕೋಲಿನಲ್ಲಿ ಆ ಲಕ್ಷಣವುಂಟೇ ಎಂಬುದು ಬೇರೆಯ ಪ್ರಶ್ನೆ.

೩. ಪೂರ್ವಪಕ್ಷ

ಈ ಪ್ರಶ್ನೆಗೆ ಸಾಮಾನ್ಯವಾಗಿ ಎರಡು ಉತ್ತರಗಳು ಬರುವುವು. ಮಾಪಕವು ಉತ್ತಮವಾದ ಅಂಕವನ್ನು ತೋರಿಸುತ್ತಿದೆ, ಆದುದರಿಂದ ಆಂಟೆನಾ ಉತ್ತಮವಾದುದು ಎಂಬುದು ಮೊದಲನೆಯದು. ಮೊನ್ನೆ ಸಂಜೆ ದೂರದೇಶದವನೊಬ್ಬನು ಓಗೊಟ್ಟನು, ಆದುದರಿಂದ ಆಂಟೆನಾ ಉತ್ತಮವಾದುದು ಎಂಬುದು ಎರಡನೆಯದು.

ಮೊದಲನೆಯದನ್ನು ವಿಚಾರಿಸಬೇಕು. ಇಲ್ಲಿ ಹೇಳಿದ ಮಾಪಕವೆಂದರೆ ಸ್ಥಾಯಿತರಂಗದ ಅನುಪಾತವನ್ನು ತೋರಿಸುವ ಎಸ್.ಡಬ್ಲ್ಯು.ಆರ್. ಮೀಟರು. ಯಂತ್ರವೂ ಕೇಬಲೂ ೫೦ ಓಮ್‌ಗೆ ಹೊಂದಿಕೊಂಡಿರುವುವು. ಆಂಟೆನಾ ಸಹ ೫೦ ಓಮ್‌ನಂತೆ ವರ್ತಿಸಿದರೆ ಮೀಟರು ೧ ಎಂದು ತೋರಿಸುತ್ತದೆ. ಆದರೆ ೫೦ ಓಮ್‌ನ ರೋಧಕವೊಂದನ್ನು ಡಬ್ಬಿಯಲ್ಲಿಟ್ಟು ಕೇಬಲಿನ ತುದಿಗೆ ಸಿಕ್ಕಿಸಿದರೂ ಮೀಟರು ೧ ನ್ನೇ ತೋರಿಸುವುದು. ಶಕ್ತಿಯೆಲ್ಲವೂ ಬಿಸಿಯಾಗಿ ಹೋಗುವುದು, ತರಂಗವು ಅಂಗಳವನ್ನೂ ದಾಟದು. ಹೇತುವಿದ್ದೂ ಸಾಧ್ಯವಿಲ್ಲದಿರುವ ಈ ಸ್ಥಳವನ್ನು ನೋಡಿದ ಮೇಲೆ, ಮೀಟರಿನ ಅಂಕವು ಸವ್ಯಭಿಚಾರವೆಂಬ ಹೇತ್ವಾಭಾಸವೆಂದು ಹೇಳದೆ ವಿಧಿಯಿಲ್ಲ.

ಅಷ್ಟೇ ಅಲ್ಲ, ಈ ಅಂಕವು ಕೆಲವೊಮ್ಮೆ ವಿಪರೀತವನ್ನೇ ಸೂಚಿಸುತ್ತದೆ. ಒಳ್ಳೆಯ ನೆಲದ ಮೇಲೆ ಕಾಲುತರಂಗದ ಕೋಲಿನ ವಿಕಿರಣರೋಧವು ಸುಮಾರು ೩೬ ಓಮ್. ನೆಲದಲ್ಲಿ ವ್ಯರ್ಥವಾಗುವ ಶಕ್ತಿಗೆ ಸಮನಾದ ರೋಧವು ೧೪ ಓಮ್ ಆಗಿದ್ದರೆ ಒಟ್ಟು ೫೦ ಆಗಿ ಮೀಟರು ಪರಿಪೂರ್ಣವೆನ್ನುವುದು. ಆದರೆ ಆಗ ಆಕಾಶಕ್ಕೆ ಹೋಗುವುದು ನೂರಕ್ಕೆ ೭೨ ಪಾಲು ಮಾತ್ರ. ನೆಲತಂತಿಗಳನ್ನು ಹೆಚ್ಚಿಸಿ ನಷ್ಟವನ್ನು ೪ ಓಮ್‌ಗೆ ಇಳಿಸಿದರೆ ಒಟ್ಟು ೪೦ ಆಗಿ ಮೀಟರು ೧.೨೫ ಎಂದು ತೋರಿಸುವುದು. ಆದರೆ ಆಕಾಶಕ್ಕೆ ಹೋಗುವ ಪಾಲು ೯೦ ಕ್ಕೇರುವುದು. ಆಂಟೆನಾ ಉತ್ತಮಗೊಂಡಾಗ ಅಂಕವು ಕೆಟ್ಟಿತು. ಮೀಟರನ್ನೇ ನಂಬಿದವನು ಒಳ್ಳೆಯ ತಂತಿಗಳನ್ನು ಕಿತ್ತುಹಾಕುವ ಸಂಭವವುಂಟು. ಯಂತ್ರಕ್ಕೆ ಅಪಾಯವಿಲ್ಲವೆಂಬುದನ್ನೂ, ಯಾವ ಆವೃತ್ತಿಯಲ್ಲಿ ಅನುರಣನವಾಗುವುದೆಂಬುದನ್ನೂ ಈ ಮಾಪಕವು ತಿಳಿಸುವುದು. ಅದಕ್ಕಿಂತ ಹೆಚ್ಚಿನ ಸಾಕ್ಷ್ಯವನ್ನು ಅದರಿಂದ ಬಯಸಬಾರದು.

ಇನ್ನು ಎರಡನೆಯ ಉತ್ತರ. ದೂರದ ಒಬ್ಬನು ಓಗೊಟ್ಟುದು ಸತ್ಯವಾಗಿರಬಹುದು. ಆದರೆ ಅದಕ್ಕೆ ಕಾರಣವು ಈ ಆಂಟೆನಾವೇ ಎಂಬುದು ಹೇಗೆ ಸಿದ್ಧಿಸೀತು? ಕಾಗೆ ಕುಳಿತ ಗಳಿಗೆಯಲ್ಲಿ ತಾಳೆಯ ಹಣ್ಣು ಬಿದ್ದರೆ ಕಾಗೆಯೇ ಬೀಳಿಸಿತೆಂದು ಹೇಳಲಾಗದು. ಅತ್ತಣವನ ಯಂತ್ರವು ಬಲವಾಗಿದ್ದು, ಅವನ ಆಂಟೆನಾ ಎತ್ತರದ ಗೋಪುರದ ಮೇಲಿದ್ದಿರಬಹುದು. ಆ ಸಂಜೆ ಆಕಾಶದ ಪದರವು ವಿಶೇಷವಾಗಿ ಅನುಕೂಲಿಸಿದ್ದಿರಬಹುದು. ಬೇಲಿಯ ತಂತಿಗೆ ಜೋಡಿಸಿದ್ದರೂ ಅದೇ ಫಲ ದೊರೆಯುತ್ತಿದ್ದಿರಬಹುದು. ಬೆಂಕಿಯಿದ್ದಲ್ಲೆಲ್ಲ ಹೊಗೆಯಿರದು, ಹಸಿಯ ಸೌದೆಯೂ ಕೂಡಿದರೆ ಮಾತ್ರ ಹೊಗೆ ಎಂದು ತಾರ್ಕಿಕರು ಉಪಾಧಿಯನ್ನು ವಿವರಿಸುವರು. ಇಲ್ಲಿಯೂ ಕಣ್ಣಿಗೆ ಕಾಣದ ಹಸಿಸೌದೆಗಳು ಹಲವಾಗಿವೆ.

ಈ ಸಂಶಯವು ಸಾಮಾನ್ಯ ಹವ್ಯಾಸಿಗೆ ಮಾತ್ರ ಸಂಬಂಧಿಸಿದುದಲ್ಲ. ೧೯೦೧ ರ ಡಿಸೆಂಬರ್ ೧೨ ರಂದು ಮಾರ್ಕೋನಿಯು ನ್ಯೂಫೌಂಡ್ಲೆಂಡಿನ ಸಿಗ್ನಲ್ ಗುಡ್ಡದಲ್ಲಿ ಗಾಳಿಪಟದಿಂದ ಎತ್ತಿ ಹಿಡಿದ ತಂತಿಯ ಮೂಲಕ, ಸುಮಾರು ೩,೫೦೦ ಕಿಲೋಮೀಟರು ದೂರದ ಇಂಗ್ಲೆಂಡಿನ ಪೋಲ್ಡುವಿನಿಂದ ಕಳುಹಿಸಿದ ಮೂರು ಚುಕ್ಕೆಗಳ ಸಂಕೇತವನ್ನು ಕೇಳಿದುದಾಗಿ ಸಾರಿದನು. ಕೇಳಿದವರು ಅವನೂ ಅವನ ಸಹಾಯಕನೂ ಮಾತ್ರ. ಯಾವ ಸಂಕೇತ ಬರಬೇಕೆಂಬುದು ಇಬ್ಬರಿಗೂ ಮೊದಲೇ ತಿಳಿದಿತ್ತು. ಕಾಗದದ ಮೇಲೆ ಮೂಡಿದ ಗುರುತೇನೂ ಇರಲಿಲ್ಲ. ಹಗಲುಹೊತ್ತಿನಲ್ಲಿ ಅಂತಹ ತರಂಗವು ಅಷ್ಟು ದೂರ ಹೋದೀತೇ ಎಂದು ಇಂದಿಗೂ ವಿದ್ವಾಂಸರು ಶಂಕಿಸುವುದುಂಟು. ಶಂಕೆಯನ್ನು ಪರಿಹರಿಸಲು ಅವನು ೧೯೦೨ ರ ಫೆಬ್ರವರಿಯಲ್ಲಿ 'ಫಿಲಡೆಲ್ಫಿಯ' ಎಂಬ ಹಡಗನ್ನೇರಿ, ಪೋಲ್ಡುವಿನಿಂದ ದಿನದಿನಕ್ಕೂ ದೂರವಾಗುತ್ತ, ಬಂದ ಸಂಕೇತಗಳನ್ನು ಕಾಗದದ ಪಟ್ಟಿಯ ಮೇಲೆ ಯಂತ್ರದಿಂದಲೇ ಮೂಡಿಸುತ್ತ ಹೋದನು. ರಾತ್ರಿ ಸುಮಾರು ೨,೫೦೦ ಕಿಲೋಮೀಟರುಗಳವರೆಗೆ ಪೂರ್ಣಸಂದೇಶಗಳೂ, ೩,೩೦೦ ಕ್ಕೂ ಮಿಕ್ಕ ದೂರದವರೆಗೆ ಪರೀಕ್ಷಾಕ್ಷರವೂ ದೊರೆತುವು. ಹಗಲಿನಲ್ಲಾದರೋ ೧,೧೦೦ ಕಿಲೋಮೀಟರಿನ ಆಸುಪಾಸಿನಲ್ಲಿಯೇ ನಿಂತುಹೋದುವು. ಹಗಲು ರಾತ್ರಿಗಳ ಭೇದವು ಲೋಕಕ್ಕೆ ತಿಳಿದುದು ಈ ಎರಡನೆಯ ಪ್ರಯೋಗದಿಂದ. ಮೊದಲನೆಯದು ಕೀರ್ತಿಯನ್ನು ತಂದಿತು. ಎರಡನೆಯದು ಜ್ಞಾನವನ್ನು ತಂದಿತು.

೪. ಪರೀಕ್ಷೆ

ಹಾಗಾದರೆ ಪರೀಕ್ಷೆಯ ಕ್ರಮವು ಹೇಗಿರಬೇಕು? ಅನ್ವಯವ್ಯತಿರೇಕಗಳೇ ಇದಕ್ಕೆ ಮೂಲ. ಇದ್ದಾಗ ಆಗುವುದನ್ನೂ ಇಲ್ಲದಾಗ ಆಗದಿರುವುದನ್ನೂ ಒಂದೇ ಸನ್ನಿವೇಶದಲ್ಲಿ ಕಾಣಿಸಬೇಕು. ಲಂಬ ಆಂಟೆನಾ ಒಂದರಿಂದಲೇ ಇದು ಸಾಧ್ಯವಿಲ್ಲ. ಹೋಲಿಸಲು ಇನ್ನೊಂದು ಬೇಕು. ಅಡ್ಡಲಾಗಿ ಕಟ್ಟಿದ ಅರ್ಧತರಂಗದ ತಂತಿ, ಅಂದರೆ ಡೈಪೋಲ್, ಇದಕ್ಕೆ ತಕ್ಕುದು. ಹತ್ತು ಮೀಟರು ಉದ್ದದ ಈ ತಂತಿಯನ್ನು ಎರಡು ತೆಂಗಿನ ಮರಗಳ ನಡುವೆ ಐದಾರು ಮೀಟರು ಎತ್ತರದಲ್ಲಿ ಕಟ್ಟಿದರೆ ಅದು ಶಕ್ತಿಯ ಬಹುಪಾಲನ್ನು ಮೇಲ್ಮುಖವಾಗಿ ಕಳುಹಿಸುವುದು. ಆದುದರಿಂದ ಲಂಬಕ್ಕೆ ಪ್ರತಿಪಕ್ಷವಾಗಲು ಯೋಗ್ಯವಾಗುವುದು. ಎರಡರ ನಡುವೆ ಅರ್ಧತರಂಗಕ್ಕೆ ಕಡಮೆಯಿಲ್ಲದ ಅಂತರವಿರಬೇಕು. ಇಲ್ಲವಾದರೆ ಒಂದರ ಗುಣವು ಇನ್ನೊಂದಕ್ಕೆ ಸೋಂಕುವುದು.

ಕೇಳುವುದಕ್ಕೆ ಯಾರನ್ನು ಆಶ್ರಯಿಸಬೇಕು? ಉತ್ತರ ಕ್ಯಾಲಿಫೋರ್ನಿಯದ ಡಿ.ಎಕ್ಸ್. ಪ್ರತಿಷ್ಠಾನವೂ ಅಂತರರಾಷ್ಟ್ರೀಯ ಹವ್ಯಾಸಿ ರೇಡಿಯೋ ಒಕ್ಕೂಟವೂ ಕೂಡಿ ಏರ್ಪಡಿಸಿರುವ ದೀಪಸ್ತಂಭಗಳಂತಹ ನೆಲೆಗಳು ಇದಕ್ಕೆ ಬಹಳ ಅನುಕೂಲ. ಈ ಯೋಜನೆಯಲ್ಲಿ ಲೋಕದ ನಾನಾ ಭಾಗಗಳ ೧೮ ನೆಲೆಗಳು ೧೪.೧೦೦ ಮೆಗಾಹರ್ಟ್ಸ್‌ನಲ್ಲಿ ಒಂದಾದಮೇಲೊಂದು, ತಲಾ ೧೦ ಸೆಕೆಂಡು, ೩ ನಿಮಿಷಗಳಿಗೊಂದು ಸುತ್ತಿನಂತೆ ಸಂಕೇತವನ್ನು ಕಳುಹಿಸುವುವು. ತನ್ನ ಕರೆಸಂಕೇತವಾದ ಬಳಿಕ ಪ್ರತಿಯೊಂದು ನೆಲೆಯೂ ಒಂದೊಂದು ಸೆಕೆಂಡಿನ ನಾಲ್ಕು ಗೆರೆಗಳನ್ನು ಕ್ರಮವಾಗಿ ೧೦೦, ೧೦, ೧ ಮತ್ತು ೦.೧ ವ್ಯಾಟಿನಲ್ಲಿ ಕಳುಹಿಸುತ್ತದೆ. ಎಷ್ಟು ಗೆರೆಗಳು ಕೇಳಿಸಿದುವೆಂದು ಎಣಿಸಿದರೆ ಸಾಕು. ಒಂದು ಗೆರೆ ಹೆಚ್ಚು ಕೇಳಿಸಿತೆಂದರೆ ಹತ್ತುಮಡಿ ದುರ್ಬಲವಾದ ಸಂಕೇತವೂ ದೊರೆಯಿತೆಂದು ಅರ್ಥ. ಬೆಲೆಬಾಳುವ ಮಾಪಕವೊಂದೂ ಬೇಡ. ಗ್ರಾಹಕಯಂತ್ರ, ಸರಿಯಾದ ಗಡಿಯಾರ, ಎಚ್ಚರದ ಕಿವಿ ಇಷ್ಟಿದ್ದರೆ ಆಯಿತು. ಕೇಳುವುದಷ್ಟೇ ಆದುದರಿಂದ ಪ್ರಸಾರದ ಪ್ರಶ್ನೆಯೂ ಇಲ್ಲಿ ಏಳದು.

ನಾಗಮಂಗಲ ತಾಲ್ಲೂಕಿನ ದೇವಲಾಪುರದಲ್ಲಿ ಈ ಪರೀಕ್ಷೆಯನ್ನು ನಡೆಸುವುದಾಗಿ ಭಾವಿಸಬಹುದು. ಅಲ್ಲಿಂದ ಕೊಲಂಬೊ ನೆಲೆಯು ಸುಮಾರು ೭೫೦, ಕೀನ್ಯದ ನೆಲೆಯು ಸುಮಾರು ೪,೭೦೦, ಜಪಾನಿನ ನೆಲೆಯು ಸುಮಾರು ೬,೫೦೦ ಕಿಲೋಮೀಟರು. ಕೊಲಂಬೊವಿನ ತರಂಗವು ಪದರದಿಂದ ಕಡಿದಾದ ಕೋನದಲ್ಲಿ ಇಳಿದು ಬರಬೇಕು. ಉಳಿದೆರಡರದು ತಗ್ಗು ಕೋನದಲ್ಲಿ ಎರಡು ನೆಗೆತಗಳಿಂದಲಾದರೂ ಬರಬೇಕು. ಲಂಬದಲ್ಲಿ ಹೇಳಿದ ಲಕ್ಷಣವು ನಿಜವಾಗಿದ್ದರೆ ಕೊಲಂಬೊ ಡೈಪೋಲಿನಲ್ಲಿಯೂ, ಕೀನ್ಯ ಜಪಾನುಗಳು ಲಂಬದಲ್ಲಿಯೂ ಹೆಚ್ಚು ಗೆರೆಗಳನ್ನು ಕೇಳಿಸತಕ್ಕದ್ದು. ಹತ್ತಿರದ ಸೋಲೂ ದೂರದ ಗೆಲುವೂ ಕೂಡಿಯೇ ಲಂಬದ ಗುರುತು. ದೂರದ ಗೆಲುವನ್ನು ಮಾತ್ರ ಹುಡುಕಿ, ಹತ್ತಿರದ ಸೋಲನ್ನು ಮುಚ್ಚಿಡುವವನು ಅರ್ಧಪ್ರಮಾಣವನ್ನೇ ಕಳೆದುಕೊಳ್ಳುವನು.

ಕಿವಿಯು ಮನಸ್ಸಿನ ಆಳೆಂಬುದನ್ನು ಇಲ್ಲಿ ಮರೆಯಬಾರದು. ತಾನು ತಿಂಗಳುಗಟ್ಟಲೆ ದುಡಿದು ನಿಲ್ಲಿಸಿದ ಕೋಲಿನಲ್ಲಿ ನಾಲ್ಕನೆಯ ಗೆರೆಯೂ ಕೇಳಿಸಿದಂತೆ ತೋರುವುದು ಸಹಜ. ಆದುದರಿಂದ ಕೇಳುವವನಿಗೆ ಯಾವ ಆಂಟೆನಾ ಜೋಡಿಸಿದೆಯೆಂಬುದು ತಿಳಿಯಕೂಡದು. ಸಹಾಯಕನೊಬ್ಬನು ಬೇರೆಯ ಕೋಣೆಯಲ್ಲಿ ಕುಳಿತು, ಪ್ರತಿ ಸುತ್ತಿಗೂ ನಾಣ್ಯವನ್ನು ಚಿಮ್ಮಿ, ಮೇಲ್ಮುಖವಾದರೆ 'ಕ' ಎಂಬ ತಂತಿಯನ್ನೂ ಕೆಳಮುಖವಾದರೆ 'ಖ' ಎಂಬ ತಂತಿಯನ್ನೂ ಜೋಡಿಸಿ ತನ್ನ ಪುಸ್ತಕದಲ್ಲಿ ಬರೆದುಕೊಳ್ಳಬೇಕು. ಕೇಳುವವನು ಕಾಲವನ್ನೂ ಗೆರೆಗಳ ಸಂಖ್ಯೆಯನ್ನೂ ತನ್ನ ಪುಸ್ತಕದಲ್ಲಿ ಬರೆಯಬೇಕು. ಏನೂ ಕೇಳಿಸದಿದ್ದ ಸುತ್ತನ್ನು ಸೊನ್ನೆಯೆಂದೇ ಬರೆಯತಕ್ಕದ್ದು. ಎರಡು ಪುಸ್ತಕಗಳನ್ನೂ ಕಡೆಯಲ್ಲಿ ಮಾತ್ರ ಕೂಡಿಸಿ ನೋಡಬೇಕು. ತರಂಗದ ಬಲವು ನಿಮಿಷನಿಮಿಷಕ್ಕೂ ಏರಿಳಿಯುವುದರಿಂದ ಒಂದೆರಡು ಸುತ್ತುಗಳಿಂದ ಏನೂ ಸಿದ್ಧಿಸದು. ಒಂದು ಗಂಟೆಗೆ ೨೦ ಸುತ್ತುಗಳಂತೆ, ಬೆಳಗ್ಗೆ, ನಡುಹಗಲು, ಸಂಜೆ, ಹಲವು ದಿವಸ ನಡೆಸಬೇಕು. ಡೈಪೋಲ್ ತನ್ನ ಎರಡು ಪಕ್ಕಗಳ ದಿಕ್ಕಿಗೆ ಹೆಚ್ಚು ಒಲಿಯುವುದರಿಂದ, ದಿಕ್ಕಿನ ಗುಣವನ್ನು ಕೋನದ ಗುಣವೆಂದು ಭ್ರಮಿಸದಿರಲು ಅದನ್ನು ಕೆಲವು ದಿವಸ ತೆಂಕುಬಡಗಲಾಗಿಯೂ ಕೆಲವು ದಿವಸ ಮೂಡುಪಡುವಲಾಗಿಯೂ ಕಟ್ಟಬೇಕು.

ಇನ್ನು ನೆಲದ ವಿಷಯ. ದೇವಲಾಪುರದ ಸುತ್ತಿನ ಮಳೆಯನ್ನು ನೆಚ್ಚಿದ ಕೆಂಪುನೆಲ ಬೇಸಗೆಯಲ್ಲಿ ಒಣಗಿ ಗಡುಸಾಗುವುದು. ಶ್ರೀರಂಗಪಟ್ಟಣದ ವಿರಿಜಾ ನಾಲೆಯ ಅಥವಾ ಪಾಂಡವಪುರದ ವಿಶ್ವೇಶ್ವರಯ್ಯ ನಾಲೆಯ ಕೆಳಗಿನ ಗದ್ದೆಬಯಲು ನೀರುಂಡ ನೆಲ. ಅಂತಹ ನೆಲವು ವಿದ್ಯುತ್ತನ್ನು ಹೆಚ್ಚು ಸುಲಭವಾಗಿ ಹರಿಯಗೊಡುವುದು. ಆದುದರಿಂದ ಒಂದೇ ಕೋಲು ಈ ಎರಡೆಡೆಗಳಲ್ಲಿ ಒಂದೇ ಫಲವನ್ನು ಕೊಡಬೇಕೆಂಬ ನಿಯಮವಿಲ್ಲ. ಬುಡದ ಸಮೀಪದ ನಷ್ಟವನ್ನು ನೆಲತಂತಿಗಳು ತಗ್ಗಿಸುವುವು. ಈ ತಂತಿಗಳ ಸಂಖ್ಯೆಯಿಂದ ಲಂಬದ ಕಾರ್ಯಕ್ಷಮತೆಯು ಎಷ್ಟು ಹೆಚ್ಚುವುದೆಂಬುದನ್ನು ಅಮೆರಿಕದ ಬ್ರೌನ್, ಲೂಯಿಸ್, ಎಪ್ಸ್ಟೈನ್ ಎಂಬ ಮೂವರು ಎಂಜಿನಿಯರುಗಳು ೧೯೩೭ ರಲ್ಲಿ ಪ್ರಕಟಿಸಿದ ಪ್ರಯೋಗಗಳಿಂದ ತೋರಿಸಿದರು; ನೂರಕ್ಕೆ ಮೇಲ್ಪಟ್ಟ ತಂತಿಗಳನ್ನು ಹೂಳುವ ಪದ್ಧತಿಯು ಪ್ರಸಾರಕೇಂದ್ರಗಳಲ್ಲಿ ನೆಲೆಗೊಂಡುದು ಅವರ ಆ ಕೆಲಸದಿಂದ. ಹವ್ಯಾಸಿಗೆ ಅಷ್ಟು ಬೇಡ. ಆದರೆ ೪ ತಂತಿಗಳಿಂದ ಒಮ್ಮೆ, ೧೬ ತಂತಿಗಳಿಂದ ಇನ್ನೊಮ್ಮೆ, ಮತ್ತೆ ೪ ಕ್ಕೇ ಇಳಿಸಿ ಮಗುದೊಮ್ಮೆ ಪರೀಕ್ಷಿಸಿದರೆ ಅನ್ವಯವ್ಯತಿರೇಕಗಳು ಎರಡೂ ದೊರೆಯುವುವು. ದೂರದ ಬಯಲಿನ ಒಣನೆಲವು ತೀರ ತಗ್ಗಿನ ಕಿರಣವನ್ನು ಕ್ಷೀಣಗೊಳಿಸುವುದಕ್ಕಾದರೋ ಹಿತ್ತಲಿನ ತಂತಿಯಿಂದ ಪರಿಹಾರವಿಲ್ಲ.

ಕೇಳುವ ಗುಣವೂ ಕಳುಹಿಸುವ ಗುಣವೂ ಒಂದೇ ಎಂದು ತರಂಗಶಾಸ್ತ್ರವು ಹೇಳುವುದು ನಿಜ. ಆದರೆ ಕೇಳುವಾಗ ಗದ್ದಲವೊಂದು ನಡುವೆ ಬರುವುದು. ಕೊಳವೆಬಾವಿಯ ಪಂಪುಸೆಟ್ಟಿನ ಸ್ಟಾರ್ಟರು, ವಿದ್ಯುತ್ ಕಂಬದ ಸಡಿಲವಾದ ತಂತಿ, ಎಲ್.ಇ.ಡಿ. ದೀಪ ಇವುಗಳ ಕರಕರ ಶಬ್ದವನ್ನು ಲಂಬ ಆಂಟೆನಾ ಹೆಚ್ಚಾಗಿ ಹಿಡಿಯುವುದುಂಟು. ಆಗ ಗೆರೆಗಳು ಮುಳುಗಿಹೋಗಿ, ಕಳುಹಿಸುವುದರಲ್ಲಿ ಉತ್ತಮವಾದುದೂ ಕೇಳುವುದರಲ್ಲಿ ಅಧಮವೆಂದು ತೋರುವುದು. ಇದನ್ನು ಬಿಡಿಸಬೇಕಾದರೆ ಅನುಜ್ಞಾಪತ್ರವುಳ್ಳವನು ಕಳುಹಿಸಿಯೂ ನೋಡಬೇಕು. ಭೌತಶಾಸ್ತ್ರದಲ್ಲಿ ೧೯೯೩ ರ ನೊಬೆಲ್ ಪಾರಿತೋಷಕವನ್ನು ಪಡೆದ ಜೋಸೆಫ್ ಟೇಲರರು, ತಾವೂ ರೇಡಿಯೋ ಹವ್ಯಾಸಿಗಳಾಗಿ, ೨೦೦೮ ರಲ್ಲಿ ಡಬ್ಲ್ಯು.ಎಸ್.ಪಿ.ಆರ್. ಎಂಬ ಸಂಕೇತಪದ್ಧತಿಯನ್ನು ರಚಿಸಿದರು. ಅದರಲ್ಲಿ ಎರಡು ನಿಮಿಷಗಳ ಅವಧಿಯಲ್ಲಿ ಅತ್ಯಲ್ಪಶಕ್ತಿಯಿಂದ ಕಳುಹಿಸಿದುದನ್ನು ದೂರದ ಗಣಕಯಂತ್ರಗಳು ತಾವಾಗಿಯೇ ಕೇಳಿ, ಸಂಕೇತವು ಗದ್ದಲಕ್ಕಿಂತ ಎಷ್ಟು ಹೆಚ್ಚು ಕಡಮೆಯೆಂಬ ಅಂಕವನ್ನು ದಾಖಲಿಸುವುವು. ಆ ಸಾಕ್ಷಿಗಳಿಗೆ ಕೋಲನ್ನು ಕಟ್ಟಿದವನ ಮೇಲೆ ಪ್ರೀತಿಯೂ ಇಲ್ಲ, ದ್ವೇಷವೂ ಇಲ್ಲ.

ಕಡೆಯದಾಗಿ ಎಚ್ಚರಿಕೆಯ ಮಾತು. ಕಳುಹಿಸುವಾಗ ಕೋಲಿನ ತುದಿಯಲ್ಲಿ ವಿದ್ಯುದೊತ್ತಡವು ಅಧಿಕವಾಗಿರುವುದರಿಂದ ಮಕ್ಕಳೂ ದನಕರುಗಳೂ ಹತ್ತಿರ ಸುಳಿಯದಂತೆ ಬೇಲಿ ಹಾಕಬೇಕು. ಕೋಲು ಬಿದ್ದರೂ ವಿದ್ಯುತ್ ಮಾರ್ಗವನ್ನು ತಾಗದಷ್ಟು ದೂರದಲ್ಲಿ ಅದನ್ನು ನಿಲ್ಲಿಸಬೇಕು. ಚೈತ್ರ ವೈಶಾಖಗಳ ಗುಡುಗುಮಳೆಯ ಸೂಚನೆ ಕಂಡೊಡನೆ ಕೇಬಲನ್ನು ಯಂತ್ರದಿಂದ ಬಿಡಿಸಿ ಭೂಮಿಗೆ ಜೋಡಿಸತಕ್ಕದ್ದು.

೫. ನಿರ್ಣಯ

ಇಷ್ಟೆಲ್ಲ ಆದಮೇಲೆ ದೊರೆಯುವ ನಿರ್ಣಯವು ಆಡಂಬರದ ಮಾತಾಗಿರದು. 'ಈ ಆಂಟೆನಾ ಲೋಕವನ್ನೆಲ್ಲ ಮುಟ್ಟುವುದು' ಎಂದು ಹೇಳಲಾಗದು. 'ಈ ನೆಲದಲ್ಲಿ, ಇಷ್ಟು ನೆಲತಂತಿಗಳೊಡನೆ, ಈ ಆವೃತ್ತಿಯಲ್ಲಿ, ಈ ಋತುವಿನಲ್ಲಿ, ಐದಾರು ಮೀಟರು ಎತ್ತರದ ಡೈಪೋಲಿಗಿಂತ ಈ ಕೋಲು ಸಾವಿರ ಕಿಲೋಮೀಟರಿನೊಳಗೆ ಕೀಳು, ನಾಲ್ಕು ಸಾವಿರದ ಆಚೆಗೆ ಮೇಲು' ಎಂದು ಹೇಳಬಹುದು. ಅಥವಾ ಎರಡರಲ್ಲಿ ಭೇದವೇ ಕಾಣಲಿಲ್ಲವೆಂದು ಹೇಳಬೇಕಾಗಬಹುದು. ಭೇದ ಕಾಣದಿರುವುದೂ ಒಂದು ಫಲವೇ. ಅದರಿಂದ ಮುಂದೆ ತಂತಿಯನ್ನು ಹೆಚ್ಚಿಸಬೇಕೋ ಸ್ಥಳವನ್ನು ಬದಲಿಸಬೇಕೋ ಎಂಬ ಮಾರ್ಗವು ತೋರುವುದು. ವಾಕ್ಯವು ಎಷ್ಟು ಉಪಾಧಿಗಳಿಂದ ಕಟ್ಟಲ್ಪಟ್ಟಿದೆಯೋ ಅಷ್ಟು ದೃಢವಾಗಿ ನಿಲ್ಲುವುದು, ಮತ್ತೊಬ್ಬನ ಹಿತ್ತಲಲ್ಲಿಯೂ ಪರೀಕ್ಷೆಗೆ ಒಳಗಾಗಬಲ್ಲುದು.

ಶಾಸ್ತ್ರಪರಿಭಾಷೆಯು ಓಲೆಗರಿಗಳೊಡನೆಯೇ ಮುಗಿದುಹೋಯಿತೆಂದೂ, ಯಂತ್ರವಿದ್ಯೆಗೆ ಕನ್ನಡದಲ್ಲಿ ಮಾತಿಲ್ಲವೆಂದೂ ಹೇಳುವವರುಂಟು. ಕೋಲಿಗೂ ತಂತಿಗೂ ಹೊರಗಿನ ಹೆಸರುಗಳು ಬಂದರೆ ಹಾನಿಯಿಲ್ಲ. ಅವು ಬಂದುವು, ಬಳಕೆಯಲ್ಲಿ ನಿಂತುವು. ಆದರೆ ಹೇತುವಾವುದು, ಹೇತ್ವಾಭಾಸವಾವುದು, ಉಪಾಧಿ ಎಲ್ಲಿ ಅಡಗಿದೆ, ಇದ್ದಾ‌ಗ ಏನು, ಇಲ್ಲದಾಗ ಏನು ಎಂದು ಕೇಳುವ ಮಾತುಗಳು ಈ ಭಾಷೆಯಲ್ಲಿ ಬಹುಕಾಲದಿಂದಲೂ ಸಿದ್ಧವಾಗಿವೆ. ಅವುಗಳನ್ನು ಪಾಠಶಾಲೆಯಲ್ಲಿ ಕಲಿತ ವಿದ್ಯಾರ್ಥಿಯು ಹಿತ್ತಲಿನ ಕೋಲಿನ ಮುಂದೆ ನಿಂತು ಪ್ರಯೋಗಿಸಬಲ್ಲನಾದರೆ ಕಲಿಸಿದ ಶ್ರಮವು ಸಾರ್ಥಕವಾಗುವುದು.